ನನ್ನ ದನಿಗೆ ನಾನೇ ಹಾಕಿದ ಬೀಗ

ಸುರೇಂದ್ರ ಭಾವನವರಿಗೆ,

ನಯನಾಳ ನಮಸ್ಕಾರ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ನಮ್ಮೂರಿನ ದೇವೀರಮ್ಮ ಸೊಂಟ ಮುರಿದುಕೊಂಡು ಮಲಗಿರುವುದರಿಂದ ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಯಾರಿಗೂ ಒಂದು ಮಾತು ಮುಗಿಸಲು ಬಿಡುವುದಿಲ್ಲ. ಕಾಗದ ಓದುವಾಗ ನಡುವೆ ಬಾಯಿ ಹಾಕಿದರೂ ನನಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನಿನ್ನೆ ಫೋನ್ ಮಾಡಿದ್ದಳು. "ಅದೇನೋ ಪಾಸ್‌ವರ್ಡಂತೆ, ಕೊಟ್ಬುಡೆ ಅತ್ಲಾಗೆ. ಕಂಪ್ಯೂಟ್ರು ಕೊಡ್ಸಿದ್ದು ಅವ್ರೇ ಅಲ್ವೇನೆ" ಎಂದಳು. ಕೊಡುವುದಿಲ್ಲ ಭಾವ. ಯಾಕೆ ಎಂದು ನಿಮಗೆ ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಅವಳೂ ಓದಲಿ ಎಂದೇ ಮೊದಲಿನಿಂದ ಬರೆಯುತ್ತೇನೆ. ಕಾಗದವನ್ನು ಅವಳ ಕೈಗೆ ಕೊಡದೆ ಡ್ರಾಯರಿಗೆ ಹಾಕಬೇಡಿ, ಅವಳಿಗೂ ಒಂದು ಪ್ರತಿ ಬೇರೆ ಕಳಿಸುತ್ತಿದ್ದೇನೆ.

ಕೆ. ಹೊಸಕೋಟೆ ಕಡೆಯಿಂದ ನಮ್ಮೂರಿನವರೆಗೂ ಆನೆಗಳು ಬಂದು ನಿಲ್ಲತೊಡಗಿದಾಗ ನಾವೆಲ್ಲ ಸೇರಿ ಆನೆ ಕರೆ ಶುರು ಮಾಡಿದೆವು. ಊರಿನ ಹುಡುಗ ಶಿವು ಮತ್ತು ಅವನ ಜೊತೆಯವರು ಆನೆ ಗುಂಪಿನ ಹಿಂದೆ ನಡೆದು, ಅದು ಎಲ್ಲಿದೆ ಎಂದು ನನಗೆ ತಿಳಿಸುತ್ತಾರೆ. ನಾನು ಅದನ್ನು ಕಂಪ್ಯೂಟರಿನ ಮುಂದೆ ಕುಳಿತು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಗುಂಡಿ ಒತ್ತಿದರೆ ಸುತ್ತಲ ಊರುಗಳ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಓದು ಬಾರದವರಿಗೂ ದನಿ ಅರ್ಥವಾಗುತ್ತದೆ ಎಂದವರು ನೀವೇ. ನಿಮ್ಮ ಎಸ್ಟೇಟ್ ಆಫೀಸಿನ ಹಳೇ ಕಂಪ್ಯೂಟರನ್ನು ಜೀಪಿನಲ್ಲಿ ತಂದು ನಮ್ಮ ನಡುಮನೆಯಲ್ಲಿ ಇಟ್ಟವರೂ ನೀವೇ. ಅದನ್ನು ನಾನು ಮರೆತಿಲ್ಲ. "ಏನಾರ ಕೆಟ್ರೆ ಅಲ್ಲಿಂದ್ಲೇ ಸರಿ ಮಾಡ್ಕೊಡ್ತೀನಿ ಕಣಮ್ಮ" ಎಂದು, ನಿಮ್ಮ ಆಫೀಸಿನಲ್ಲಿ ಕೂತೇ ನನ್ನ ಕಂಪ್ಯೂಟರನ್ನು ನಡೆಸಬಹುದಾದ ಒಂದು ತಂತ್ರಾಂಶವನ್ನೂ ಅದರೊಳಗೆ ಹಾಕಿದಿರಿ. ಭಾವನಲ್ಲವೇ, ನಾನು ಹೂಂ ಎಂದೆ. ಮನೆಯವರಿಗೆ ಹಿತ್ತಿಲ ಬಾಗಿಲು ತೆಗೆದಿಡುವುದಕ್ಕೆ ನಮ್ಮಲ್ಲಿ ಯಾರೂ ಯೋಚನೆ ಮಾಡುವುದಿಲ್ಲ.

ಆಮೇಲೆ ನನ್ನ ದನಿ ಕೇಳದೆ ಜನ ಬೆಳಿಗ್ಗೆ ಹೊರಗೆ ಕಾಲಿಡದಂತಾಯಿತು. ಡೈರಿಗೆ ಹಾಲು ಒಯ್ಯುವವರು, ಸ್ಕೂಲಿಗೆ ಹೋಗುವ ಮಕ್ಕಳು, ಕಾಫಿ ಹಣ್ಣು ಕೀಳಲು ಹೋಗುವ ಹೆಂಗಸರು, ಎಲ್ಲರೂ. ಒಮ್ಮೆ ಆಲೂರು ಸಂತೆಯಲ್ಲಿ ಈರುಳ್ಳಿಗೆ ಚೌಕಾಸಿ ಮಾಡುತ್ತಿದ್ದಾಗ, ಮುಖ ಪರಿಚಯವೇ ಇಲ್ಲದ ಮುದುಕಿಯೊಬ್ಬಳು ತಿರುಗಿ ನೋಡಿ, "ನೀನು ಆನೆ ಅಕ್ಕ ಅಲ್ವಾ" ಎಂದು ಕೈ ಹಿಡಿದುಕೊಂಡಳು. ಪಿಯುಸಿ ಫೇಲಾದವಳಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ. ಅವತ್ತು ಈರುಳ್ಳಿಯವನು ಹೇಳಿದ ರೇಟನ್ನೇ ಕೊಟ್ಟು ಬಂದೆ.

ಈಗ ಫೆಬ್ರವರಿಯ ವಿಷಯಕ್ಕೆ ಬರುತ್ತೇನೆ. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಫೋನ್ ಬಡಿದುಕೊಂಡಿತು. ಹಿಟ್ಟಿನ ಕೈಯಲ್ಲೇ ಎತ್ತಿದರೆ ಅತ್ತ ಕಡೆ ಮಾತಾಡುತ್ತಿದ್ದವಳು ನಾನೇ. "ಹೊಸಕೋಟೆ ರಸ್ತೇಲಿ ಆನೆ ಅವೆ, ಯಾರೂ ಆ ಕಡೆ ಹೋಗ್ಬ್ಯಾಡಿ" ಎನ್ನುತ್ತಿದ್ದೆ. ನನ್ನ ಮಾತಿನ ಹಿಂದೆ ಹೆಂಚಿನ ಮೇಲೆ ಧೋ ಎಂದು ಮಳೆ ಸುರಿಯುವ ಸದ್ದು. ಹೊರಗೆ ನೋಡಿದರೆ ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು. ಹೋದ ವರ್ಷದ ಆಷಾಢದಲ್ಲಿ ನಾನು ರೆಕಾರ್ಡ್ ಮಾಡಿದ್ದ ಕರೆ ಅದು. ಶಿವುಗೆ ಫೋನ್ ಮಾಡಿದರೆ, "ಯಾವ ಆನೆ ಅಕ್ಕ? ಗುಂಪು ಗುಡ್ಡದ ಆಚೆ ಬಿದಿರು ಮುರೀತಾ ನಿಂತದೆ" ಎಂದ.

ಕಂಪ್ಯೂಟರ್ ಹಳೆಯದು, ತಲೆ ಕೆಟ್ಟಿರಬೇಕು ಎಂದುಕೊಂಡೆ. ಹೊಸಕೋಟೆ ಕಡೆಯ ತೋಟಕ್ಕೆ ಹೊರಟಿದ್ದ ಹೆಂಗಸರ ಜೀಪು ಊರಬಾಗಿಲಲ್ಲೇ ತಿರುಗಿ, ಸ್ವಲ್ಪ ಹೊತ್ತಿಗೆಲ್ಲ ನಿಮ್ಮ ಎಸ್ಟೇಟಿನಲ್ಲಿ ಇಳಿಯಿತೆಂದು ಕೇಳಿದರೂ ನನಗೆ ಏನೂ ಹೊಳೆಯಲಿಲ್ಲ. ಎರಡನೇ ಸಲ ನಾನು ಕಂಪ್ಯೂಟರಿನ ಎದುರೇ ನಿಂತಿದ್ದೆ. ಕೈಯಲ್ಲಿ ಪೊರಕೆ ಇತ್ತು. ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿತು. ಹಳೇ ಕರೆಗಳನ್ನು ಒಂದೊಂದಾಗಿ ಸವರಿಕೊಂಡು ಹೋಗಿ, ಒಂದರ ಮೇಲೆ ನಿಂತು, ಕಳಿಸಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನಿಮ್ಮ ಆಫೀಸಿನ ಹೆಸರಿತ್ತು.

ಕೂಡಲೇ ನಾನು ಫೋನ್ ಮಾಡಿ ಕೇಳಿದಾಗ ನೀವು ಹೇಳಿದ್ದನ್ನು ಅಕ್ಕನಿಗಾಗಿ ಇಲ್ಲಿ ಬರೆಯುತ್ತೇನೆ. "ಹಣ್ಣು ಉದುರ್ತಾ ಐತೆ, ಆಳು ಸಿಕ್ತಿಲ್ಲ, ಎಲ್ರೂ ಆ ಕಡೆ ಓಡ್ತಾವ್ರೆ. ಒಂದೆರಡು ದಿನಕ್ಕೆ ಏನಾಯ್ತದೆ? ಆನೆ ಇವತ್ತಿಲ್ದಿದ್ರೆ ನಾಳೆ ಬರ್ತದೆ, ನಿನ್ ಮಾತು ಸುಳ್ಳೇನಾಗಲ್ಲ ಬುಡು" ಎಂದು ನಕ್ಕಿರಿ.

ಆನೆ ನಿಜವಾಗಿಯೂ ಬಂತು ಭಾವ. ಶಿವು ಹೇಳಿದ ತಕ್ಷಣ ನಾನು ಕರೆ ಕಳಿಸಿದೆ. ಆ ಎರಡು ಹಳೇ ಕರೆಗಳನ್ನೂ ನಂಬಿ ಮೋಸ ಹೋಗಿದ್ದ ದೇವೀರಮ್ಮ ಅದನ್ನು ಕೇಳಿ, ಫೋನನ್ನು ಕಿಟಕಿಯಲ್ಲಿಟ್ಟು, ಹಾಲಿನ ಕ್ಯಾನು ಹಿಡಿದು ಹೊರಟರು. ಕೆರೆಯ ತಿರುವಿನಲ್ಲಿ ಎದುರಿಗೇ ಹೆಣ್ಣಾನೆ, ಹಿಂದೆ ಮರಿ. ತೋಟದ ಆಳವಾದ ಚರಂಡಿಗೆ ಬಿದ್ದದ್ದರಿಂದ ಜೀವ ಉಳಿಯಿತು. ಹಾಸನದ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನಿನ್ ದನಿ ಕೇಳ್ತು ಕಣವ್ವ. ಇದೂ ಹಳೇದೇ ಇರ್ಬೇಕು ಅಂದ್ಕಂಡು ಹೊರಟ್ಬುಟ್ಟೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಅವಸರವೂ ಅದಕ್ಕಿಲ್ಲ.

ಅಲ್ಲಿಂದ ಬರುವಾಗ ಆಲೂರಿನಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಯ ನವ್ಯಶ್ರೀಯಿಂದ ಸೆಕ್ಯುರಿಟಿ ತಂತ್ರಾಂಶ ತೆಗೆದುಕೊಂಡೆ. ಅವಳು ತಾನೇ ಬಂದು ಹಾಕಿಕೊಡುತ್ತೇನೆ ಎಂದಳು. ಬೇಡ, ನೀನು ಫೋನಿನಲ್ಲಿ ಹೇಳು, ಗುಂಡಿ ನಾನು ಒತ್ತುತ್ತೇನೆ ಎಂದೆ. ಇನ್ನೊಬ್ಬರು ಹಾಕಿಕೊಟ್ಟ ಬಾಗಿಲಿನ ಸುಖ ಒಮ್ಮೆ ಕಂಡದ್ದು ಸಾಕಾಗಿತ್ತು. ಮೌಸ್ ಹಿಡಿಯಲು ಬಾರದವಳು ಎಂದು ನೀವು ನಗುತ್ತಿದ್ದಿರಲ್ಲ, ಅದೇ ಕೈಯಲ್ಲಿ ಎಲ್ಲ ಮಾಡಿದೆ. ವಾಯಿದೆ ಮುಗಿದು ವರ್ಷಗಳಿಂದ ಕೆಂಪು ಗುರುತು ತೋರಿಸುತ್ತಿದ್ದ ಹಳೆಯ ಆಂಟಿವೈರಸ್ ಕಿತ್ತು ಹಾಕಿದೆ. ಹೊಸದು ಇಳಿಯುತ್ತಿರುವಾಗ ಕರೆಂಟು ಹೋಗಿ ಯುಪಿಎಸ್ ಕಿರುಚಿಕೊಂಡಿತು, ಮತ್ತೆ ಮೊದಲಿನಿಂದ ಶುರು. ಕೊನೆಗೆ ಅದು ಕಂಪ್ಯೂಟರಿನ ಮೂಲೆಮೂಲೆ ತಡಕಿ ನಿಮ್ಮ ತಂತ್ರಾಂಶದ ಹತ್ತಿರ ನಿಂತಿತು. ಇದರಿಂದ ಹೊರಗಿನವರು ನಿಮ್ಮ ಕಂಪ್ಯೂಟರನ್ನು ನಡೆಸಬಹುದು, ಇದು ಇರಲೋ ತೆಗೆಯಲೋ ಎಂದು ಇಂಗ್ಲಿಷಿನಲ್ಲಿ ಕೇಳಿತು. ಅಷ್ಟು ಮರ್ಯಾದೆಯಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ತೆಗೆ ಎಂದೆ.

ಅಷ್ಟರಲ್ಲಿ ಶಿವುನ ಫೋನು: ಗುಂಪು ಸ್ಕೂಲಿನ ಹಿಂದಿನ ಗದ್ದೆಗೆ ಇಳಿದಿದೆ. ಕರೆ ಕಳಿಸಲು ಹೋದರೆ ಹೋಗುತ್ತಲೇ ಇಲ್ಲ. ಹೊಸ ಕಾವಲುಗಾರ ನಮ್ಮ ಕರೆ ಕಳಿಸುವ ತಂತ್ರಾಂಶವನ್ನೂ ಕಳ್ಳನೆಂದು ತಿಳಿದು ಹಿಡಿದು ನಿಲ್ಲಿಸಿದ್ದ. ಎಲ್ಲ ಆಫ್ ಮಾಡಿಬಿಡೋಣ ಎನ್ನಿಸಿದ್ದು ನಿಜ. ಆದರೆ ಮಾಡಲಿಲ್ಲ. ಸ್ಕೂಲಿಗೂ ಆ ದಾರಿಯ ಮನೆಗಳಿಗೂ ಕೈಯಾರೆ ಫೋನ್ ಮಾಡಿ ತಿಳಿಸುತ್ತಲೇ, ನವ್ಯಶ್ರೀ ಹೇಳಿದಂತೆ ಸೆಟ್ಟಿಂಗ್ ತೆರೆದು, ಹೊರಗೆ ಹೋಗಲು ಅನುಮತಿ ಇರುವವರ ಸಾಲಿನಲ್ಲಿ ನಮ್ಮ ಕರೆಯ ತಂತ್ರಾಂಶದ ಎದುರು ಟಿಕ್ ಹಾಕಿದೆ. ಫೋನುಗಳು ಬಡಿದುಕೊಂಡವು. ಆಮೇಲೆ ಪಾಸ್‌ವರ್ಡ್ ಇಟ್ಟೆ. ಅದರ ಜೊತೆಗೆ, ಯಾರು ಒಳಗೆ ಬರಬೇಕಾದರೂ ನನ್ನ ಫೋನಿಗೆ ಬರುವ ನಂಬರನ್ನು ಹಾಕಬೇಕು. ಹಳೇ ಕರೆಗಳನ್ನೆಲ್ಲ ಅಳಿಸಿ ಹಾಕಿದೆ.

ಅವತ್ತೇ ನೀವು ಫೋನ್ ಮಾಡಿದಿರಿ. "ನನ್ ಕಂಪ್ಯೂಟ್ರಿಗೆ ನಂಗೇ ಬಾಗ್ಲು ಹಾಕ್ತೀಯಾ?" ಎಂದಿರಿ. ಕಂಪ್ಯೂಟರ್ ನಿಮ್ಮದೇ. ಬೇಕಾದರೆ ಜೀಪು ಕಳಿಸಿ, ನಾನೇ ಒರೆಸಿ ಹತ್ತಿಸಿ ಕೊಡುತ್ತೇನೆ, ಬಂದವರಿಗೆ ಕಾಫಿಯನ್ನೂ ಕೊಡುತ್ತೇನೆ. ಫೋನ್ ನಂಬರುಗಳನ್ನು ಬೇರೆ ಕಡೆ ಉಳಿಸಿಕೊಂಡಿದ್ದೇನೆ, ನಾಳೆ ಇನ್ನೊಂದು ಕಂಪ್ಯೂಟರಿನಿಂದ ಕರೆ ಹೋಗುತ್ತದೆ. ಆದರೆ ದನಿ ನನ್ನದು. ಅದರಲ್ಲಿ ನಿಮ್ಮ ಪಾಲಿಲ್ಲ. ಹಿರಿಯರು, ಅಕ್ಕನ ಗಂಡ, ಎದುರು ಮಾತಾಡಬಾರದು ಎಂಬುದೆಲ್ಲ ನನಗೂ ಗೊತ್ತು. ಇಷ್ಟು ವರ್ಷ ನಡೆದುಕೊಂಡೂ ಇದ್ದೇನೆ. ಇನ್ನು ಈ ವಿಷಯದಲ್ಲಿ ನಡೆದುಕೊಳ್ಳುವುದಿಲ್ಲ.

ಆ ಎರಡು ಕರೆ ನಾನು ಮಾಡಿದ್ದಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಯಾರು ಎಂದು ಹೇಳಿಲ್ಲ. ಅದು ಅಕ್ಕನ ಮುಖ ನೋಡಿ. ಇನ್ನೊಮ್ಮೆ ಆದರೆ ಅವಳ ಮುಖವನ್ನೂ ನೋಡುವುದಿಲ್ಲ. ಈಗ ಪ್ರತಿ ಕರೆಯಲ್ಲೂ ಮೊದಲು ಇವತ್ತು ಯಾವ ವಾರ ಎಂದು ಹೇಳಿ ಆಮೇಲೆ ಆನೆಯ ಸುದ್ದಿ ಹೇಳುತ್ತೇನೆ. ವಾರ ತಪ್ಪಿದ್ದರೆ ನಂಬಬೇಡಿ ಎಂದಿದ್ದೇನೆ. ದೇವೀರಮ್ಮನಿಗೆ ಮನೆಯಲ್ಲಿ ಮಲಗಿದ್ದಲ್ಲೇ ಕರೆ ಹೋಗುತ್ತದೆ. ನೀವು ಹೋಗಿ ಅವರನ್ನು ನೋಡಿ ಬನ್ನಿ. ಏನು ಹೇಳಬೇಕು ಎಂದು ನಾನು ಹೇಳಿಕೊಡುವುದಿಲ್ಲ.

ಇಷ್ಟು ಬರೆದು ಎದ್ದಿದ್ದೆ, ಶಿವು ಫೋನ್ ಮಾಡಿದ. ಆನೆಗಳು ನಿಮ್ಮ ಎಸ್ಟೇಟಿನ ಕೆಳಗಿನ ತೋಟದಲ್ಲಿ, ಪಂಪ್‌ಹೌಸ್ ಹತ್ತಿರ ಇವೆಯಂತೆ. ಕೂಡಲೇ ಕರೆ ಕಳಿಸಿದೆ. ನಿಮ್ಮ ನಂಬರನ್ನು ನಾನು ತೆಗೆದಿರಲಿಲ್ಲ, ತೆಗೆಯುವುದೂ ಇಲ್ಲ. ಸ್ವಲ್ಪ ಹೊತ್ತಿಗೆ ನಿಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿದ್ದಯ್ಯನವರೇ ಫೋನ್ ಮಾಡಿ ವಿಷಯ ತಿಳಿಸಿದರು: "ಹೆಂಗಸ್ರು ಅದೇ ಪಂಪ್‌ಹೌಸ್ ಕಡೀಕೇ ಇಳೀತಿದ್ರು ಕಣವ್ವ. ಸಾಹೇಬ್ರು ಫೋನ್ ಕಿವೀಗಿಟ್ಕಂಡು ಹಂಗೇ ನಿಂತ್ಬುಟ್ರು. ಸಿದ್ದಯ್ಯ, ಇವತ್ತು ಯಾವ ವಾರ ಅಂತ ಕೇಳಿದ್ರು. ಗುರುವಾರ ಅಂದೆ. ಹಂಗಾದ್ರೆ ನಿಜ, ಎಲ್ರೂನೂ ಮೇಲಕ್ಕೆ ಕರಿ ಅಂದ್ರು."

ಭಾವ, ಪಾಸ್‌ವರ್ಡ್ ಯಾಕೆ ಕೊಡುವುದಿಲ್ಲ ಎಂದು ಇನ್ನು ನಾನು ಬರೆಯಬೇಕಾದ್ದು ಏನೂ ಇಲ್ಲ.

ನಿಮ್ಮ ಕಾಫಿ ಗಿಡಗಳಿಗೂ ನಮ್ಮ ಗಿಡಗಳಿಗೂ ಈ ಸಲ ಹೂಮಳೆ ಹೊತ್ತಿಗೆ ಸರಿಯಾಗಿ ಬರಲಿ. ಅಕ್ಕನಿಗೆ ನನ್ನ ಪ್ರೀತಿ ತಿಳಿಸಿ. ಹುಷಾರಾಗಿ ಓಡಾಡಿ.

ನಿಮ್ಮ ನಾದಿನಿ,
ನಯನಾ
ಗುರುವಾರ