ಅತ್ತೆಯ ಮೊಣಕೈ ನರ

ಮೈಸೂರು
೧೨-೨-೨೦೦೭

ಪೂಜ್ಯ ಅಪ್ಪನವರಿಗೆ ಪ್ರೇಮಲತಳ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ ನೀವು, "ಕಾಯ್ಲೆ ಇಲ್ದೋರ್ನ ಯಾಕವ್ವ ಸ್ಕ್ಯಾನ್ ಮಾಡ್ತೀಯ?" ಎಂದು ಕೇಳಿದಿರಿ. ಆಗ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಚಿಕ್ಕತಾಯಮ್ಮತ್ತೆಯ ಬೆರಳುಗಳಿಗೆ ಜೋಮು ಹಿಡಿದಿತ್ತು. ಯಾರೋ ಮೊಣಕೈ ಒತ್ತಿ ನೋಡಿ, ನರ ದಪ್ಪವಾಗಿದೆ, ಇದು ಕುಷ್ಠವೇ ಎಂದರು. ಗಂಡನ ಮನೆಯವರು ಅತ್ತೆಯನ್ನು ತವರಿಗೆ, ಬಿಳಿಗೆರೆಯ ನಮ್ಮ ಮನೆಗೆ ತಂದು ಬಿಟ್ಟರು. ನಾವೂ ಅವರಿಗೆ ಕೊಟ್ಟಿಗೆಯ ಪಕ್ಕದಲ್ಲೇ ಊಟ ಬಡಿಸಿದೆವು. ಆ ರೋಗವೇ ಆಗಿದ್ದರೂ ಮಾತ್ರೆಗೆ ವಾಸಿಯಾಗುತ್ತಿತ್ತು, ಅಪ್ಪ.

ಹೋದ ವಾರ ಅತ್ತೆ ನಿಮಗೆ ಹೇಳದೆ ಒಬ್ಬರೇ ಬಸ್ ಹತ್ತಿ ನಮ್ಮ ಆಸ್ಪತ್ರೆಗೆ ಬಂದಿದ್ದರು. ಅವರ ನರವನ್ನು ಸ್ಕ್ಯಾನಿನಲ್ಲಿ ಅಳೆದೆ. ನನ್ನ ಜೊತೆ ಓದುವ ಹನ್ನೆರಡು ಜನರ ನರಕ್ಕಿಂತ ಸ್ವಲ್ಪವೇ ದಪ್ಪವಿತ್ತು.

"ಸ್ವಲ್ಪ ಅಂದ್ರೆ ನಂಗೆ ಆ ರೋಗ ಇತ್ತಾ, ಇಲ್ವಾ? ಒಂದ್ ಮಾತ್ ಏಳವ್ವ" ಎಂದರು.

ಹೊಲದಲ್ಲಿ ದುಡಿದ ಕೈಯ ನರವೂ ಅಷ್ಟು ದಪ್ಪವಿರಬಹುದು, ಅದಕ್ಕೇ ಖಚಿತವಾಗಿ ಹೇಳಲಾರೆ ಎಂದೆ. ಗುದ್ದಲಿ, ಕುಡುಗೋಲು ಹಿಡಿದು ದುಡಿಯುವ ಆರೋಗ್ಯವಂತರ ನರ ಎಷ್ಟು ದಪ್ಪವಿರುತ್ತದೆಂದು ನಮ್ಮ ಆಸ್ಪತ್ರೆಯಲ್ಲಿ ಯಾರೂ ಅಳೆದಿಟ್ಟಿಲ್ಲ. ನಾನು ಅಳೆಯುತ್ತೇನೆ. ಅಳೆಯದೆ ಬಿಡುವುದಿಲ್ಲ.

ಭಾನುವಾರ ಯಂತ್ರ ಬಿಡುವಾಗಿರುತ್ತದೆ. ಊರಿನಿಂದ ಗಟ್ಟಿಮುಟ್ಟಾದ ಇಪ್ಪತ್ತು ಜನರನ್ನು ಕರೆತನ್ನಿ. ಸೂಜಿ ಚುಚ್ಚುವುದಿಲ್ಲ, ನೋವೂ ಆಗುವುದಿಲ್ಲ. ಮೊಣಕೈಗೆ ತಣ್ಣನೆಯ ಜೆಲ್ ಹಚ್ಚಿ ನೋಡುತ್ತೇನೆ, ಅಷ್ಟೇ. ಅಂಗಿಯ ತೋಳು ಮಡಚಿ ಮೊದಲು ನೀವೇ ಕುಳಿತರೆ ಉಳಿದವರು ಹೆದರುವುದಿಲ್ಲ.

ಅತ್ತೆಯೂ ಬರುತ್ತೇನೆಂದಿದ್ದಾರೆ. ಬಸ್ಸಿನಲ್ಲಿ ಅವರನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.

ನಿಮ್ಮ ಮಗಳು,
ಪ್ರೇಮಲತ