ಮಿನಿ ಟ್ರಾಕ್ಟರ್‌ಗೆ ಮಾವನವರ ರೋಟವೇಟರ್

ಜೂನ್ 9, ಸೋಮವಾರ

ಡೈರಿಗೆ ಹಾಲು ಹಾಕಿ, ಹಾಗೇ ಕುಶಾಲನಗರದ ಶೋರೂಮಿಗೆ. ಮಿನಿ ಟ್ರಾಕ್ಟರ್ ಬುಕ್ ಆಯಿತು. ಅಲ್ಲಿನ ಪೂಜಿತಾ ಅನ್ನುವ ಹುಡುಗಿ ಕೇಳಿದಳು — ಹಿಂದೆ ಏನು ಕಟ್ತೀರಾ, ತೂಕ ಎಷ್ಟು? ಇವರು 'ಚಿಕ್ಕದೇ ಬಿಡಿ' ಅಂದುಬಿಟ್ಟರು. ಚಿಕ್ಕದಂತೆ! ತೀರಿಹೋದ ಮಾವನವರು ದೊಡ್ಡ ಟ್ರಾಕ್ಟರ್‌ಗೆ ತಂದ, ಮಣ್ಣು ಪುಡಿ ಮಾಡುವ ಆರಡಿ ರೋಟವೇಟರ್. ಟ್ರಾಕ್ಟರ್ ಮಾರಿದರು, ಅದನ್ನು ಮಾರಲಿಲ್ಲ. ವರ್ಷಾ ವರ್ಷ ಆಯುಧಪೂಜೆಗೆ ವಿಭೂತಿ ಹಚ್ಚಿಸಿಕೊಂಡು ಕೊಟ್ಟಿಗೆಯಲ್ಲಿ ಕೂತಿದೆ. ನಾನು ಹೇಳಹೊರಟೆ. ಕಾಲು ತುಳಿದರು.

ಜೂನ್ 21

ಟ್ರಾಕ್ಟರ್ ಬಂತು. ರೋಟವೇಟರ್ ಪಿನ್ನು ದಪ್ಪ, ಇದರ ತೂತು ಸಣ್ಣ. ಸೋಮವಾರಪೇಟೆ ಲೇತ್‌ನಲ್ಲಿ ಪಿನ್ನನ್ನೇ ಸವೆಸಿ ಕೂರಿಸಿದರು. ಹಿಂದೆ ಎತ್ತಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ... ಮುಂದಕ್ಕೆ ಕಟ್ಟುವ ಕಬ್ಬಿಣದ ವೇಟ್ ಕೇಳಿ, ಶೋರೂಮಿಗೆ ಫೋನ್ ಮಾಡಿ ಅಂದೆ. ಮಾಡಿದರೆ ಸುಳ್ಳು ಹೊರಬೀಳುತ್ತದಲ್ಲ! ಊರಲ್ಲಿ ಎಲ್ಲರೂ ಬಂಪರ್ ಮೇಲೆ ಒಬ್ಬರನ್ನು ಕೂರಿಸುತ್ತಾರಂತೆ. ಅತ್ತೆ, 'ನಮ್ ಕುಸುಮ ಇರುವಾಗ ಬೇರೆ ವೇಟ್ ಯಾಕೋ ನಿರಂಜನ' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೂನ್ 24

ಮುಂದೆ ಕೂತೆ. ಮೊದಲ ಗದ್ದೆ ಆಯಿತು. ಬದು ಹತ್ತುವಾಗ ಟ್ರಾಕ್ಟರ್ ಮೂತಿ ಎತ್ತಿ ಧೊಪ್ಪನೆ ಕೂತಿತು — ಜೀವ ಬಾಯಿಗೆ ಬಂತು. ಇಳಿದುಬಿಟ್ಟೆ. ಇನ್ನು ಸತ್ತರೂ ಹತ್ತಲ್ಲ ಅಂದೆ. ಇವರದು ಮಾತಿಲ್ಲ, ಊಟವಿಲ್ಲ. ಇರಲಿ.

ಜೂನ್ 26, ಬೆಳಿಗ್ಗೆ 11

ತಮ್ಮ ಭವಿತ್ ಶನಿವಾರಸಂತೆಯಿಂದ ಬಂದಿದ್ದಾನೆ. ಹಲಸಿನಹಣ್ಣು ತಂದಿದ್ದಾನೆ. ಭಾವ-ಬಾಮೈದ ಗದ್ದೆಗೆ ಹೋದರು. ಅಡುಗೆಮನೆ ಕಿಟಕಿಯಿಂದ ಕಾಣುತ್ತಿದೆ, ಬಂಪರ್ ಮೇಲೆ ಅವನು. ಕೂಗಿ ಇಳಿಸಬೇಕು. ಇಳಿಸಿದರೆ ಮತ್ತೆ ನನ್ನನ್ನೇ ಹತ್ತಿಸುತ್ತಾರೆ. ತಮ್ಮನ ಎದುರು ಜಗಳ ಬೇಡ. ರಾತ್ರಿ ಹೇಳುತ್ತೇನೆ.

ಜುಲೈ 4, ಮೈಸೂರು, ಆಸ್ಪತ್ರೆ

ಅದೇ ಬದು. ಮೂತಿ ಎತ್ತಿದಾಗ ಭವಿತ್ ಜಾರಿ ಬಿದ್ದ. ಚಕ್ರ ಬೆನ್ನಿನ ಮೇಲೇ ಬಂತು. ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿಲ್ಲ ಅವನಿಗೆ. ನಿನ್ನೆ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು, ಇನ್ನು ನಡೆಯುವುದಿಲ್ಲ. ಕಾರಿಡಾರಿನಲ್ಲಿ ಇವರು ಕೈ ಹಿಡಿದುಕೊಂಡರು — 'ಆಸೆಗೆ ಅವ್ನೇ ಹತ್ತಿದ ಅಂತ ಹೇಳೆ, ಪೊಲೀಸ್ನೋರು ಕೇಳ್ತಾರೆ.' ಕೈ ಕೊಡವಿದೆ. ಈ ಮನುಷ್ಯನ ಮುಖ ನೋಡಿದರೆ ಹೇಸಿಗೆ.

ಜುಲೈ 5

ಇವತ್ತು ಭವಿತ್ ಸರಿಯಾಗಿ ಮಾತಾಡಿದ. ಅವ್ವ ಗಂಜಿ ತರಲು ಕೆಳಗೆ ಹೋಗಿದ್ದಳು.

'ನೀನು ದಿನಾ ಕೂರ್ತೀಯ, ಏನೂ ಆಗಲ್ಲ ಅಂದ್ರು ಭಾವ. ಹೌದಾ ಅಕ್ಕಾ?'

ಇಲ್ಲ ಅಂದೆ. ಒಂದೇ ಸಲ ಕೂತದ್ದು, ಹೆದರಿ ಇಳಿದೆ ಅಂದೆ.

ಆಮೇಲೆ ಕೇಳಿದ — 'ಕಿಟಕೀಲಿ ನೀನು ಕಾಣ್ತಿದ್ದೆ. ಮತ್ತೆ ನನ್ನ ಯಾಕೆ ಇಳ್ಸ್ಲಿಲ್ಲ?'

ನಿನ್ನನ್ನು ಇಳಿಸಿದರೆ ಮತ್ತೆ ನನ್ನನ್ನೇ ಹತ್ತಿಸುತ್ತಿದ್ದರು, ಅದಕ್ಕೆ ಅಂದೆ.