ತಪ್ಪನ್ನು ಮುಟ್ಟದ ಅಭ್ಯಾಸ

ಹೊಳನಗದ್ದೆ, ಕುಮಟಾ
೯ ಜೂನ್ ೨೦೨೫

ಪ್ರೀತಿಯ ಚಂದನಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ನೀರನ್ನು ಕಾಯಿಸದೆ ಕುಡಿಯಬೇಡ. ನಾನು ಕ್ಷೇಮ. ನಿನ್ನ ಅಜ್ಜಿಯ ಮಂಡಿನೋವು ಮಾತ್ರ ಮಳೆಗಿಂತ ಮೊದಲೇ ಬಂದು ಬೀಡುಬಿಟ್ಟಿದೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ನೀನು ಅನುತ್ತೀರ್ಣಳಾದ ಸುದ್ದಿ ತಿಳಿದಾಗ ನಿನ್ನ ತಂದೆ ನರೇಶ, "ಅವ್ಳಿಗೆ ಇದೆಲ್ಲ ಆಗೂದಲ್ಲ ಅಪ್ಪಾ. ಓದಿದ್ದು ಸಾಕು, ಮನಿಗೆ ಕರ್ಕೊಂಡ್ ಬರ್ತೆ, ಆತು," ಎಂದ. "ಎಂತದಾ ಆತು?" ಎಂದು ಕೇಳಿದೆ. ಪ್ರಶ್ನೆಯನ್ನು ಓದದೆ ಅಂಕವನ್ನು ಮಾತ್ರ ನೋಡುವವರ ಮಾತನ್ನು ನಾನು ಮಾಸ್ತರನಾಗಿದ್ದಾಗ ಶಾಲೆಯಲ್ಲೇ ಒಪ್ಪಿದವನಲ್ಲ; ಮನೆಯಲ್ಲಿ ಒಪ್ಪುವೆನೇ? ನೀನು ಫೋನಿಗೆ ಕಳಿಸಿದ್ದ ಪ್ರಶ್ನೆಯನ್ನು ಹಿಡಿದು, ಕಳೆದ ವರ್ಷದಿಂದ ನಾನು ಪ್ರೋಗ್ರಾಮಿಂಗ್ ಕಲಿಯುತ್ತಿರುವ, ನನ್ನ ಹಳೆಯ ವಿದ್ಯಾರ್ಥಿ ಪ್ರದೀಪನ ಕಂಪ್ಯೂಟರ್ ತರಗತಿಗೆ ಹೋಗಿ ಕುಳಿತೆ.

ಗ್ರಂಥಾಲಯದ ದಂಡವನ್ನು ಲೆಕ್ಕಹಾಕುವ ಪ್ರೋಗ್ರಾಂ. ಒಂದೇ ಉದ್ದನೆಯ ಫಂಕ್ಷನ್, ಅರ್ಥವಿಲ್ಲದ ಹೆಸರುಗಳು. ಕೊಡುವ ಉತ್ತರ ಬದಲಾಗದಂತೆ ಒಳಗನ್ನು ಮಾತ್ರ ಓರಣಗೊಳಿಸಬೇಕು. ಇದನ್ನೇ ನೀವು ರಿಫ್ಯಾಕ್ಟರಿಂಗ್ ಎನ್ನುತ್ತೀರಿ. ಒಂದು ಹೆಸರು ಬದಲಿಸಿದೆ, ಉತ್ತರ ಮೊದಲಿನಂತೆಯೇ ಇದೆಯೇ ಎಂದು ನೋಡುವ ಟೆಸ್ಟ್ ಓಡಿಸಿದೆ. ಒಂದು ತುಂಡನ್ನು ಬೇರ್ಪಡಿಸಿದೆ, ಮತ್ತೆ ಓಡಿಸಿದೆ. ಎಲ್ಲವೂ ಹಸಿರು, ಅಂದರೆ ಉತ್ತರ ಬದಲಾಗಿಲ್ಲ. ಅಷ್ಟರಲ್ಲಿ ಕಂಡಿತು: ಗ್ರಂಥಾಲಯ ಮುಚ್ಚಿರುವ ರಜಾದಿನಕ್ಕೂ ದಂಡ! ಜೀವಮಾನವೆಲ್ಲ ಕೆಂಪು ಶಾಯಿ ಹಿಡಿದ ಕೈ, ತಿದ್ದಿಯೇಬಿಟ್ಟಿತು. ಟೆಸ್ಟ್ ಕೆಂಪಾಯಿತು. ನೀನು ಪರೀಕ್ಷೆಯಲ್ಲಿ ಬರೆದದ್ದನ್ನು ನನ್ನ ಫೋನಿನಲ್ಲಿ ನೋಡಿದ್ದ ಪ್ರದೀಪ ನಕ್ಕ: "ಎಂತ ಸರ್, ಮೊಮ್ಮಗಳ ಹಂಗೇ ಮಾಡ್ದ್ರಿ! ಈಗ ಬರೀ ಓರಣ ಮಾಡೂದು. ತಪ್ಪಿಗೆ ಆಮೇಲೆ ಬನ್ನಿ."

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ಓರಣ ಮಾಡುವ ನಡುವೆಯೇ ನೀನೂ ಆ ತಪ್ಪನ್ನು ತಿದ್ದಿದ್ದಕ್ಕೆ ನಿನ್ನ ಅಂಕ ಕಳೆದದ್ದು ಸರಿ, ನಾನಾಗಿದ್ದರೂ ಕಳೆಯುತ್ತಿದ್ದೆ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದರೆ, ಟೆಸ್ಟ್ ಕೆಂಪಾದಾಗ ಕಾರಣ ಯಾವುದೆಂದು ತಿಳಿಯದು. ನಾನು ಹಿಂದಿನ ಹೆಜ್ಜೆಗೆ ಮರಳಿ, ಆ ತಪ್ಪನ್ನು ಹಲ್ಲುಕಚ್ಚಿ ಹಾಗೆಯೇ ಉಳಿಸಿ, ಓರಣ ಮುಗಿಸಿದೆ. ಬಳಿಕ ಟೆಸ್ಟನ್ನೂ ಬದಲಿಸಿ ತಪ್ಪನ್ನು ತಿದ್ದಿದೆ. ಇದು ಕಲಿಯಬಹುದಾದ ಶಿಸ್ತು. ಆದರೆ ಆ ತಪ್ಪನ್ನು ಕಂಡ ಹುಡುಗಿಗೆ ಓದು ಆಗದು ಎಂದು ಯಾರೇ ಹೇಳಲಿ, ಅವನು ನನ್ನ ಮಗನೇ ಆಗಿರಲಿ, ನಾನು ಒಪ್ಪುವುದಿಲ್ಲ.

ಮರುಪರೀಕ್ಷೆಯಲ್ಲಿ ನಿನ್ನ ಕೈ ನಿನ್ನ ಮಾತು ಕೇಳಲಿ ಎಂದು ಹರಸುವ,

ನಿನ್ನ ಅಜ್ಜ
ಮಾಬ್ಲೇಶ್ವರ

ಮರೆತಿದ್ದೆ: ರವಿವಾರ ನಿನ್ನ ತಂದೆ ನಿನ್ನನ್ನು ಕರೆತರಲು ಹೊನ್ನಾವರದ ನಿನ್ನ ಹಾಸ್ಟೆಲಿಗೆ ಬರುತ್ತಾನೆ. ಬಟ್ಟೆಬರೆ ಕಟ್ಟಬೇಡ. ಅದೇ ಬಸ್ಸಿನಲ್ಲಿ ನಾನೂ ಇರುತ್ತೇನೆ, ಅವನಿಗಿನ್ನೂ ತಿಳಿದಿಲ್ಲ.